ಕೌದಿಗೊಂದು ಅಂಕಿತ

ನಾನು ಕ್ವಿಲ್ಟ್ ಹೊಲಿಯುತ್ತೇನೆ ಎಂದು ಹೇಳಿದರೆ ವಿಜಯಪುರದ ನಮ್ಮ ಓಣಿಯ ಹೆಣ್ಣುಮಕ್ಕಳು, "ಅಂದ್ರ ಕೌದಿ ಹೌದಲ್ರಿ ಟೀಚರ್?" ಎಂದು ಕೇಳುತ್ತಾರೆ. ಹೌದು ಎಂದ ಕೂಡಲೇ ಅವರ ಮುಖದ ಆಸಕ್ತಿ ಅರ್ಧಕ್ಕೆ ಇಳಿಯುತ್ತದೆ. ಕ್ವಿಲ್ಟ್ ಎಂದರೆ ಕಲೆ, ಕೌದಿ ಎಂದರೆ ಹಾಸಿಗೆ. ಕ್ವಿಲ್ಟನ್ನು ಗೋಡೆಗೆ ತೂಗುಹಾಕುತ್ತೇವೆ, ಕೌದಿಯನ್ನು ಟ್ರಂಕಿನ ತಳಕ್ಕೆ ತುರುಕುತ್ತೇವೆ. ಈ ಭೇದವನ್ನು ನಾನು ಬಹಳ ದಿನ ಉಳಿದವರ ಅಜ್ಞಾನ ಎಂದುಕೊಂಡಿದ್ದೆ. ಅದು ನನ್ನೊಳಗೇ ಇತ್ತೆಂದು ತಿಳಿಯಲು ನಾನು ಬೆಂಗಳೂರಿನ ತನಕ ಹೋಗಿ ಬರಬೇಕಾಯಿತು.

ನನ್ನ ತವರು ಇಂಡಿ ತಾಲೂಕಿನ ತಾಂಬಾ. ನಾವು ಮಕ್ಕಳು ಚಳಿಗಾಲ ಕಳೆದದ್ದೆಲ್ಲ ಕೌದಿಯೊಳಗೆ. ಹರಿದ ಇಳಕಲ್ ಸೀರೆ, ಅಜ್ಜನ ಧೋತರ, ಅಣ್ಣಂದಿರ ಅಂಗಿ, ಯಾವುದೂ ಹೊರಗೆ ಹೋಗುತ್ತಿರಲಿಲ್ಲ. ಒಗೆದು ಒಣಗಿಸಿ, ಸಾರಿಸಿದ ನೆಲದ ಮೇಲೆ ಪದರ ಪದರವಾಗಿ ಹಾಸಿ, ಅಂಚಿನಿಂದ ಸೂಜಿ ಹಿಡಿದು ಸುತ್ತ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುವುದು. ಕೊನೆಯ ತೇಪೆ ಮುಚ್ಚುವ ಮುಂಚೆ ನಮ್ಮ ಆಯಿ ನಾಲ್ಕು ಜೋಳದ ಕಾಳು, ಒಂದು ರೊಟ್ಟಿಯ ಚೂರು ಒಳಗಿಡುತ್ತಿದ್ದಳು. "ಕೌದಿ ಹಸದ ಇರಬಾರದು" ಎನ್ನುತ್ತಿದ್ದಳು. ಆಯಿ ಹೋದ ಮೇಲೆ ನಮ್ಮ ಮನೆಯ ಕೌದಿಗಳನ್ನು ಹೊಲಿದವಳು ಹಿಂದಿನ ಓಣಿಯ ಒಬ್ಬ ಹೆಣ್ಣುಮಗಳು. ಊರಿಗೆಲ್ಲ ಆಕೆ ಕೌದಿ ಆಯಿ.

ನಾನು ಹೈಸ್ಕೂಲಿನ ನೌಕರಿಯಿಂದ ನಿವೃತ್ತಳಾದ ಮೇಲೆ ಹವ್ಯಾಸಕ್ಕೆಂದು ಮಷಿನ್ನಿನ ಮೇಲೆ ಕ್ವಿಲ್ಟ್ ಹೊಲಿಯಲು ಕಲಿತೆ. ಹೊಸ ಬಟ್ಟೆ ಕೊಂಡು ತಂದು, ಅಳತೆಗೆ ಕತ್ತರಿಸಿ, ಮತ್ತೆ ಕೂಡಿಸುವುದು. ಇದನ್ನು ಕೇಳಿ ಕೌದಿ ಆಯಿ ಬಿದ್ದು ಬಿದ್ದು ನಕ್ಕಿದ್ದಳು. "ಛಲೋ ಅರಬಿ ಹರದು ಮತ್ತ ಹೊಲೀತಿ? ರೊಕ್ಕ ಹೆಚ್ಚಾಗ್ಯಾವೇನ ಯವ್ವಾ?"

2024ರ ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಒಂದು ದೊಡ್ಡ ಕ್ವಿಲ್ಟ್ ಪ್ರದರ್ಶನವಿತ್ತು. ನನ್ನದೊಂದು ಗೋಡೆಯ ಕ್ವಿಲ್ಟ್ ಆಯ್ಕೆಯಾಗಿತ್ತು. ಪಾರಂಪರಿಕ ವಿಭಾಗಕ್ಕೆ ಹಳೆಯದೇನಾದರೂ ಇದ್ದರೆ ತನ್ನಿ ಎಂದಿದ್ದರು, ಕೌದಿ ಆಯಿ ಹೊಲಿದ ಕೌದಿಯನ್ನೂ ಬ್ಯಾಗಿಗೆ ಹಾಕಿಕೊಂಡೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಕೂತಾಗ ಮದುವೆಗೆ ಹೊರಟಷ್ಟು ಹುರುಪಿತ್ತು.

ಒಳಗೆ ಹೋದರೆ ಕಣ್ಣು ಸಾಲದು. ಸಾಲು ಸಾಲು ಕ್ವಿಲ್ಟುಗಳು, ಪ್ರತಿಯೊಂದಕ್ಕೂ ಮೇಲಿನಿಂದ ದೀಪ. ಕೈಯಿಂದ ಮುಟ್ಟುವಂತಿಲ್ಲ, ಬಿಳಿ ಕೈಚೀಲ ಹಾಕಿಕೊಂಡ ಹುಡುಗಿಯರು ಅಂಚು ಎತ್ತಿ ಹಿಂಬದಿಯನ್ನು ತೋರಿಸುತ್ತಾರೆ. ನನ್ನ ಕ್ವಿಲ್ಟಿನ ಪಕ್ಕದ ಚೀಟಿಯಲ್ಲಿ ನನ್ನ ಹೆಸರು, ಊರು, ಕ್ವಿಲ್ಟಿಗೆ ನಾನಿಟ್ಟ ಹೆಸರು, ಹಿಡಿದ ತಾಸುಗಳು, ಎಲ್ಲ ಅಚ್ಚಾಗಿತ್ತು. ಒಬ್ಬರು ಅದಕ್ಕೆ ಒಂಬತ್ತು ಸಾವಿರ ಕೊಡುತ್ತೇನೆಂದರು. ಸುಳ್ಳು ಯಾಕೆ ಹೇಳಲಿ, ಹಿಗ್ಗಿದೆ. ಫೋಟೋ ತೆಗೆಸಿಕೊಂಡೆ.

ಕೌದಿ ಇನ್ನೊಂದು ಮೂಲೆಯಲ್ಲಿತ್ತು. ಅದರ ಎದುರು ನನ್ನ ಕ್ವಿಲ್ಟಿಗಿಂತ ಹೆಚ್ಚು ಜನ ನಿಂತಿದ್ದರು. ಹಸಿರು ಸೀರೆಯ ಗೋಮಿ ದಡಿ, ಮಾಸಿದ ಕೆಂಪು ಸೆರಗು, ನಡುವೆ ಯಾವುದೋ ಕೂಸಿನ ಹಳದಿ ಅಂಗಿ. ಅಳತೆಪಟ್ಟಿ ಕಾಣದ ಕೈ ಹಾಕಿದ ಹೊಲಿಗೆ ಗಾಳಿಗೆ ಬಾಗಿದ ಜೋಳದ ಸಾಲಿನ ಹಾಗೆ ಓಡಿತ್ತು. ಚೀಟಿಯಲ್ಲಿದ್ದದ್ದು ಇಷ್ಟು: ಕೌದಿ, ಉತ್ತರ ಕರ್ನಾಟಕ. ಹೊಲಿದವರು: ಗ್ರಾಮೀಣ ಮಹಿಳೆ. ಅದರ ಕೆಳಗೆ, ಕೊಟ್ಟವರು ಎಂದು ನನ್ನ ಹೆಸರು.

ಒಬ್ಬ ಹುಡುಗಿ ನನ್ನನ್ನು ಕೇಳಿದಳು, "ಆಂಟಿ, ಇದನ್ನ ಹೊಲಿದವರು ಯಾರು?"

"ನಮ್ಮೂರ ಕೌದಿ ಆಯಿ."

"ಅವರ ಹೆಸರೇನು?"

ನನಗೆ ಗೊತ್ತಿರಲಿಲ್ಲ. ಐವತ್ತು ವರ್ಷ ಆಕೆಯನ್ನು ನೋಡಿದ್ದೇನೆ, ಆಕೆಯ ಕೈಯ ಚಹಾ ಕುಡಿದಿದ್ದೇನೆ, ಆಕೆಯ ಕೌದಿಯಲ್ಲಿ ನನ್ನ ಮಕ್ಕಳನ್ನು ಮಲಗಿಸಿದ್ದೇನೆ. ಹೆಸರು ಗೊತ್ತಿಲ್ಲ.

ಇದರಲ್ಲಿ ಪ್ರದರ್ಶನ ನಡೆಸಿದವರ ತಪ್ಪು ಎಳ್ಳಷ್ಟೂ ಇಲ್ಲ. ಅವರ ಅರ್ಜಿಯಲ್ಲಿ ಹೊಲಿದವರ ಹೆಸರು ಎಂಬ ಸಾಲಿತ್ತು. ಅಲ್ಲಿ ಗ್ರಾಮೀಣ ಮಹಿಳೆ ಎಂದು ಬರೆದವಳು ನಾನೇ. ಬರೆಯುವಾಗ ಕೈ ನಡುಗಲಿಲ್ಲ. ಮೂವತ್ತು ವರ್ಷ ಹಾಜರಿ ಕೂಗಿದ ಮಾಸ್ತರತಿ ನಾನು. ಹೆಸರಿಲ್ಲದ ವಿದ್ಯಾರ್ಥಿಯನ್ನು ಒಂದು ದಿನವೂ ತರಗತಿಯಲ್ಲಿ ಕೂಡಿಸಿಕೊಂಡವಳಲ್ಲ!

ಆದ್ದರಿಂದ ಈ ಜಗಳ ನನ್ನೊಂದಿಗೆ, ನನ್ನಂಥ ಪಟ್ಟಣದ ಹೆಣ್ಣುಮಕ್ಕಳೊಂದಿಗೆ. ನಾವು ಮಾಡಿದರೆ ಹವ್ಯಾಸ, ಅವರು ಮಾಡಿದರೆ ಕೂಲಿ. ನಮ್ಮದಕ್ಕೆ ಹೆಸರು, ಅವರದಕ್ಕೆ ಪ್ರದೇಶ. ಸೊಲ್ಲಾಪುರದ ಚಾದರಕ್ಕೂ ತಯಾರಿಸಿದವರ ಚೀಟಿ ಇರುತ್ತದೆ, ಉಪ್ಪಿನಕಾಯಿ ಡಬ್ಬಿಗೂ ಇರುತ್ತದೆ. ಕೌದಿಗೆ ಮಾತ್ರ ಅದು ತಾನಾಗಿಯೇ ಹೊಲದಲ್ಲಿ ಬೆಳೆದು ಬಂದಂತೆ ಉತ್ತರ ಕರ್ನಾಟಕ ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ.

ಬೇರೆ ಕಡೆ ಹೇಗೆಂದು ನೋಡಿ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಬಡ ಊರಿದೆ. ಗುಲಾಮರ ಸಂತತಿಯ ಕರಿಯ ಹೆಂಗಸರು ಹಳೆಯ ಕೆಲಸದ ಬಟ್ಟೆಗಳಿಂದ, ಥೇಟ್ ನಮ್ಮ ಹಾಗೆಯೇ, ಚಳಿಗೆಂದು ಹೊಲಿದ ಕ್ವಿಲ್ಟುಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿಯೂ ಆಮೇಲೆ ನ್ಯೂಯಾರ್ಕಿನ ವಿಟ್ನಿಯಲ್ಲಿಯೂ ತೂಗಿದವು. 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಅಲ್ಲಿ ತೂಗಿದವು ಅಲಬಾಮಾದ ಕ್ವಿಲ್ಟುಗಳೆಂದು ಮಾತ್ರ ಅಲ್ಲ, ಮೇರಿ ಲೀ ಬೆಂಡಾಲ್ಫ್, ಲೊರೆಟ್ಟಾ ಪೆಟ್‌ವೇ ಎಂದು ಒಬ್ಬೊಬ್ಬಳ ಹೆಸರಿನಿಂದ. ಹೆಸರು ಬಂದ ಮೇಲೆ ಹಣದ ಲೆಕ್ಕವೂ ಎದ್ದಿತು. 2007ರಲ್ಲಿ ಅವರಲ್ಲಿ ಕೆಲವರು ತಮ್ಮ ಪಾಲಿಗಾಗಿ ಕೋರ್ಟಿಗೆ ಹೋದರು. ಹೋಗಲಿ! ಹೆಸರಿದ್ದವಳು ಮಾತ್ರ ದಾವೆ ಹೂಡಬಲ್ಲಳು. ಗ್ರಾಮೀಣ ಮಹಿಳೆ ಯಾವ ಕೋರ್ಟಿನ ಕಟ್ಟೆ ಹತ್ತಿಯಾಳು?

ಅಷ್ಟು ದೂರ ಬೇಡ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳ ಮೂಲೆಗೆ ಬಟ್ಟೆ ಮಡಚಿದ ಹೂವುಗಳಿರುತ್ತವೆ. ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಕೆಲಸದ 1755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಪೇಪರಿನಲ್ಲಿ ಓದಿ ಎದೆ ಉಬ್ಬಿತು. ಆದರೆ ನನಗೆ ನೆನಪಿನಲ್ಲಿ ಉಳಿದದ್ದೇನು? ಎರಡು ಅಂಕಿಗಳು. ಆ ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರು ಹೇಳು ಎಂದರೆ ನನಗೆ ಬರುವುದಿಲ್ಲ. ನಿಮಗೆ ಬರುತ್ತದೆಯೆ?

ಹೆಸರು ಹಾಕಿಕೊಳ್ಳುವುದು ಪಡುವಣದ ಚಟ, ನಮ್ಮದು ಹೆಸರು ಬಯಸದ ಸಂಸ್ಕೃತಿ ಎಂದು ಕೆಲವರು ಹೇಳುತ್ತಾರೆ. ಅವರು ಬಸವನ ಬಾಗೇವಾಡಿಯ ದಾರಿಯನ್ನೇ ಮರೆತವರು. ಬಸವಣ್ಣ ಹುಟ್ಟಿದ ಆ ಊರು ನಮ್ಮದೇ ಜಿಲ್ಲೆಯದು. ಅವನ ಕಾಲದ ಶರಣೆಯರನ್ನು ನಾವು ಏನೆಂದು ಕರೆಯುತ್ತೇವೆ? ರಾಟೆ ತಿರುಗಿಸಿದವಳು ಕದಿರ ರೆಮ್ಮವ್ವೆ, ಭತ್ತ ಕುಟ್ಟಿದವಳು ಕೊಟ್ಟಣದ ಸೋಮಮ್ಮ, ಚೆಲ್ಲಿದ ಅಕ್ಕಿ ಆಯ್ದವಳು ಆಯ್ದಕ್ಕಿ ಲಕ್ಕಮ್ಮ. ಕೆಲಸವೂ ಹೆಸರೂ ಒಂದಕ್ಕೊಂದು ಹೊಲಿದುಕೊಂಡಿವೆ. ರೆಮ್ಮವ್ವೆಯಂತೂ ತನ್ನ ವಚನದ ಅಂಕಿತದೊಳಗೇ ತನ್ನ ಹೆಸರನ್ನೂ ಕದಿರನ್ನೂ ಸೇರಿಸಿಬಿಟ್ಟಳು. ಹನ್ನೆರಡನೆಯ ಶತಮಾನದಲ್ಲಿ ನೂಲುವವಳಿಗೆ ಅಂಕಿತವಿತ್ತು, ಇಂದು ಹೊಲಿಯುವವಳಿಗೆ ಇಲ್ಲ. ಕಾಯಕವೇ ಕೈಲಾಸ ಎಂದು ಭಾಷಣ ಮಾಡಿ ಮನೆಗೆ ಬಂದು ಕೌದಿಯವಳೊಡನೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುವವರು ನಾವು.

ಚೌಕಾಸಿಯ ಮಾತು ಬಂತು, ಲೆಕ್ಕವನ್ನೂ ಬಿಚ್ಚಿಡುತ್ತೇನೆ. ಆ ಕೌದಿಗೆ ನಾನು ಕೊಟ್ಟದ್ದು ಒಂದು ಸಾವಿರ ರೂಪಾಯಿ. ಆಕೆ ಕೇಳಿದ್ದು ಸಾವಿರದ ಇನ್ನೂರು. ಇನ್ನೂರು ಉಳಿಸಿದೆನೆಂದು ಬಸ್ಸಿನಲ್ಲಿ ಖುಷಿಪಟ್ಟಿದ್ದೆ. ಆಕೆ ಹೊಲಿದದ್ದು ಇಪ್ಪತ್ನಾಲ್ಕು ದಿನ, ದಿನಕ್ಕೆ ಅರ್ಧ ಹೊತ್ತು. ಪೂರ್ತಿ ದಿನ ಹಿಡಿದರೆ ಹನ್ನೆರಡು. ಅಂದರೆ ದಿನಕ್ಕೆ ಎಂಬತ್ಮೂರು ರೂಪಾಯಿ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಮಣ್ಣು ಹೊತ್ತಿದ್ದರೆ ಆಕೆಗೆ 4188 ರೂಪಾಯಿ ಸಿಗುತ್ತಿತ್ತು. ಮಣ್ಣು ಹೊರುವುದಕ್ಕಿಂತ ಕೌದಿ ಹೊಲಿಯುವುದು ಅಗ್ಗವೆಂದು ತೀರ್ಮಾನಿಸಿದವರು ಯಾರು? ಯಾವ ಸರಕಾರವೂ ಅಲ್ಲ. ನಾನು.

"ಅವರಿಗೇ ಹೆಸರು ಬೇಕಿಲ್ಲ, ನಿಮಗ್ಯಾಕ್ರೀ ಉಸಾಬರಿ?" ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಅವರು ಕೇಳಿಲ್ಲ ನಿಜ. ಕೇಳಿದರೆ ಕೆಲಸ ತಪ್ಪೀತೆಂಬ ಭಯ ಇರುವವರು ಕೇಳುವುದಿಲ್ಲ. ಬೇಡ ಎನ್ನುವುದಕ್ಕೂ ಮೊದಲು ಯಾರಾದರೂ ಬೇಕೆ ಎಂದು ವಿಚಾರಿಸಬೇಕಲ್ಲ. ಇನ್ನೊಬ್ಬಳು, "ಒಂದು ಕೌದಿಗೆ ನಾಲ್ಕು ಕೈ ಕೂಡಿರತಾವು, ಯಾರ ಹೆಸರು ಹಾಕೋದು?" ಎಂದಳು. ನಾಲ್ಕೂ ಹಾಕೋಣ. ಮದುವೆಯ ಕರೆಯೋಲೆಯಲ್ಲಿ ಮುತ್ತಜ್ಜನಿಂದ ಮೊದಲುಮಾಡಿ ಕೂಸಿನ ತನಕ ಹೆಸರು ಹಾಕಿಸುವ ನಮಗೆ ಕೌದಿಯ ಮೂಲೆಯಲ್ಲಿ ನಾಲ್ಕು ಹೆಸರಿಗೆ ಜಾಗ ಸಾಲದೆ?

ಬೆಂಗಳೂರಿನಿಂದ ಬಂದ ವಾರದಲ್ಲೇ ತಾಂಬಾಕ್ಕೆ ಹೋದೆ. ಕೌದಿ ಆಯಿ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಫೋಟೋ ತೋರಿಸಿದೆ, ಎಲ್ಲ ಹೇಳಿದೆ. ಆಮೇಲೆ ನಾಚಿಕೆ ಬಿಟ್ಟು ಕೇಳಿದೆ, "ಆಯಿ, ನಿನ್ನ ಹೆಸರೇನು?"

ಆಕೆ ತಟ್ಟನೆ ಹೇಳಲಿಲ್ಲ. ದೂರ ನೋಡಿದಳು. "ನನ್ನ ಹೆಸರು ಹಿಡದ ಕರಿಯವರು ಎಲ್ಲಾರೂ ಸತ್ತು ಹೋದ್ರು ಬಿಡ ಯವ್ವಾ" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದಳು. ಹೇಳಿ ತಾನೇ ನಕ್ಕಳು, ಯಾರೋ ಹಳೆಯ ಗೆಳತಿ ಎದುರಿಗೆ ಬಂದಂತೆ.

ಹಳೆಯ ಕೌದಿಯ ಬಾಕಿಯನ್ನು ಲೆಕ್ಕ ಹಾಕಿ ಕೈಯಲ್ಲಿಟ್ಟೆ. ಮೊದಲು ಬೈದಳು, ಆಮೇಲೆ ಎರಡು ಸಲ ಎಣಿಸಿ ಸೊಂಟದ ಚೀಲಕ್ಕೆ ಹಾಕಿಕೊಂಡಳು. ಈಗ ಹೊಸದೊಂದು ಹೊಲಿದಿದ್ದಾಳೆ. ಆಕೆಗೆ ಅಕ್ಷರ ಬರುವುದಿಲ್ಲ. ಮೊಮ್ಮಗಳು ದರ್ಜಿಯ ಚಾಕಿನಿಂದ ಮೂಲೆಯಲ್ಲಿ ಹೆಸರು, ಊರು, ಇಸವಿ ಬರೆದುಕೊಟ್ಟಳು, ಆಕೆ ಅದರ ಮೇಲೆ ಕೆಂಪು ದಾರ ಎಳೆದಳು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಆಕೆಯ ಕೌದಿಯ ಮೇಲೆ, ಆಕೆ ಬಯಸಿದ ಜಾಗದಲ್ಲಿದೆ. ನನ್ನ ಬರಹಕ್ಕೆ ಶೋಭೆ ತರಲಿಕ್ಕೆ ಅಲ್ಲ.

ನೀವು ಮಾಡಬೇಕಾದದ್ದು ದೊಡ್ಡದೇನಲ್ಲ. ಟ್ರಂಕಿನ ತಳದ ಕೌದಿಯನ್ನು ತೆಗೆಯಿರಿ. ಹೊಲಿದವರು ಬದುಕಿದ್ದರೆ ಹೋಗಿ ಹೆಸರು ಕೇಳಿರಿ, ಇಲ್ಲದಿದ್ದರೆ ಬಲ್ಲವರನ್ನು ಕೇಳಿ ನೀವೇ ಒಂದು ಮೂಲೆಯಲ್ಲಿ ಹೊಲಿಯಿರಿ. ಹೊಸದನ್ನು ಹೊಲಿಸಿದರೆ ದಿನದ ಕೂಲಿಯ ಲೆಕ್ಕದಲ್ಲಿ ಹಣ ಕೊಡಿರಿ. ಮಹಿಳಾ ಮಂಡಳದ ಪ್ರದರ್ಶನಕ್ಕೋ ಸಂಕ್ರಮಣದ ಜಾತ್ರೆಯ ಮಳಿಗೆಗೋ ಹೆಸರಿಲ್ಲದ ಕೌದಿ ಬಂದರೆ, ಹೆಸರು ತಂದ ಮೇಲೆ ಇಡುತ್ತೇವೆ ಎಂದು ಹೇಳಿರಿ.

ಹೊಸ ಕೌದಿಯನ್ನು ನನ್ನ ಕೈಗೆ ಕೊಡುವಾಗ ಆಯಿ ಒಂದು ಮಾತು ಹೇಳಿದಳು. "ಹೆಸರು ಹೊಲದದ್ದಕ್ಕ ಬ್ಯಾರೆ ರೊಕ್ಕ ಆಗತೈತಿ, ಮೊದಲ ಹೇಳೀನಿ."

ಎಷ್ಟು ಎಂದು ಕೇಳಿದೆ. ಈ ಸಲ ಚೌಕಾಸಿ ಮಾಡಲಿಲ್ಲ.