ಅಜ್ಜಿ ಪಕ್ಕ ಎರಡು ಗಂಟೆ

ಇಂಗ್ಲೆಂಡಿಗೆ ಆನ್‌ಸೈಟ್ ಬಂದ ಮೇಲೆ ಕಲಿತ ಪದ: ಕೇರರ್. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಸಂಬಳವಿಲ್ಲದೆ ನೋಡಿಕೊಳ್ಳುವವರು. ಅಂದ್ರೆ, ಊರಲ್ಲಿ ಅಜ್ಜಿಯನ್ನ ನೋಡ್ಕೊಳ್ತಿರೋ ನಮ್ಮಮ್ಮ!

ಅಪ್ಪ-ಅಮ್ಮನ ಆರೈಕೆಗೆಂದು 1954ರಲ್ಲಿ ಕೆಲಸ ಬಿಟ್ಟ ಮೇರಿ ವೆಬ್‌ಸ್ಟರ್, 1963ರಲ್ಲಿ ಪತ್ರಿಕೆಗಳಿಗೆ ಪತ್ರ ಬರೆದರು. ತಮ್ಮಂಥದೇ ಪಾಡಿನ ಹೆಣ್ಣುಮಕ್ಕಳಿಂದ ಉತ್ತರಗಳು ಬಂದವು. 1965ರಲ್ಲಿ ಸಂಘವಾಯಿತು. ಈಗ ಇಲ್ಲಿನ ಹಲವು ಊರುಗಳಲ್ಲಿ ಕೇರರ್‌ಗಳಿಗಾಗಿಯೇ ಸೆಂಟರ್‌ಗಳಿವೆ. ಅವುಗಳ ಟ್ರಸ್ಟಿಗಳಿಗೂ ಸಾಮಾನ್ಯವಾಗಿ ಸಂಬಳವಿಲ್ಲ. ಲೆಕ್ಕಪತ್ರ ನೋಡಬೇಕು, ದುಡ್ಡು ಹೊಂದಿಸಬೇಕು, ತಪ್ಪಾದರೆ ಉತ್ತರ ಹೇಳಬೇಕು. ಟ್ರಸ್ಟಿ ಅಂದ್ರೆ ವೇದಿಕೆ ಮೇಲೆ ಶಾಲು ಹೊದಿಸ್ಕೊಳ್ಳೋರು ಅಂದ್ಕೊಂಡಿದ್ದೆ (ನಗಬೇಡಿ).

ಗಣೇಶನಿಗೆ ಚಂದಾ ಎತ್ತೋ ನಮ್ಮ ಬಡಾವಣೆ ಸಂಘಗಳಿಗೆ ಇದೇನು ಕಷ್ಟ? ವಾರಕ್ಕೆ ಎರಡು ಗಂಟೆ ಅಜ್ಜಿ ಪಕ್ಕ ಯಾರಾದ್ರೂ ಕೂತರೆ, ಅಮ್ಮ ತನ್ನ ಬಿಪಿನಾದ್ರೂ ತೋರಿಸ್ಕೊಂಡು ಬರ್ತಾಳೆ. ನಾನು ದುಡ್ಡು ಕಳಿಸ್ತೀನಿ. ಕೂರೋಕೆ ಮಾತ್ರ ಆಗ್ತಿಲ್ಲ.