ಇನ್ನೈದೇ ನಿಮಿಷ ಅನ್ನೋ ಸುಳ್ಳು

ಚಾರಣಕ್ಕೆ ಹೋದವರೆಲ್ಲ ಒಂದಲ್ಲ ಒಂದು ಸಲ ಹೇಳಿರೋ ಸುಳ್ಳೊಂದಿದೆ. "ಇನ್ನೈದೇ ನಿಮಿಷ, ಬಂದೇ ಬಿಡ್ತು!" ಹುರಿದುಂಬಿಸೋ ಮಾತು ಅಂತ ನಾವೆಲ್ಲ ನಕ್ಕು ಸುಮ್ಮನಾಗ್ತೀವಿ. ಬಿಸಿಲಿನ ದಿನ ಅದು ಶುದ್ಧ ಮೋಸ ಅಂತ ನನ್ನ ವಾದ.

ಕಳೆದ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಹೋಗಿದ್ದೆವು. ಹೋದವರಿಗೆ ಗೊತ್ತು, ಕುಕ್ಕೆಯಿಂದ ಭಟ್ಟರ ಮನೆ ಹತ್ತಿರದವರೆಗೆ ಕಾಡಿನ ನೆರಳು. ಆಮೇಲೆ ಬೋಳು ಹುಲ್ಲುಗುಡ್ಡ, ನೆತ್ತಿ ಸುಡೋ ಬಿಸಿಲು. ಕೂರೋಕೆ ನೆರಳು ಅಂತಿದ್ರೆ ಕಲ್ಲುಮಂಟಪ. ಮುಂದೆ ಶೇಷ ಪರ್ವತ. ಇದೇ ತುದಿ ಅಂದ್ಕೊಂಡು ಏದುಸಿರು ಬಿಡ್ತಾ ಹತ್ತಿದ್ರೆ, 1712 ಮೀಟರಿನ ಕುಮಾರ ಪರ್ವತ ಎದುರಿಗೆ ನಿಂತು ಅಣಕಿಸುತ್ತೆ! ನಡುವೆ ಇಳಿಜಾರು, ಶೋಲಾ ಕಾಡು, ಮತ್ತೆ ಕಡಿದಾದ ಬಂಡೆ.

ಕಲ್ಲುಮಂಟಪದಲ್ಲೇ ನಮ್ಮ ಗೆಳೆಯ, "ತಲೆ ಸಿಡೀತಿದೆ, ವಾಂತಿ ಬರೋ ಹಾಗಾಗ್ತಿದೆ ಕಣ್ರೋ" ಅಂದ. "ಏಯ್, ಇನ್ನೈದೇ ನಿಮಿಷ ಬಾರೋ" ಅಂದವನು ನಾನೇ. ಮುಂದಿನ ಒಂದೂವರೆ ಗಂಟೆ ಅದನ್ನೇ ಹೇಳ್ತಾ ಹೋದೆ. ಶೇಷ ಪರ್ವತದ ಮೇಲೆ ಅವನು ಕುಸಿದು ಕೂತ. ಯಾವ ಕಡೆಯಿಂದ ಬಂದ್ವಿ ಅಂತ ಕೇಳಿದ್ರೆ ತಡವರಿಸಿದ. ಎಲ್ಲರ ಬಾಟಲಿ ಸೇರಿಸಿದ್ರೂ ಒಂದು ಲೀಟರ್ ನೀರಿರಲಿಲ್ಲ. ಪಕ್ಕದ ಕಾಡಿನ ನೆರಳಿಗೆ ಹೊತ್ತೊಯ್ದು, ಬಟ್ಟೆ ಒದ್ದೆ ಮಾಡಿ ಗಾಳಿ ಬೀಸಿದೆವು. ಚೇತರಿಸಿಕೊಂಡ... ಅದು ನಮ್ಮ ಅದೃಷ್ಟ, ಜಾಣತನವಲ್ಲ.

ಬೆವರು ಆರಿದ್ರೆ ಮೈ ತಣ್ಣಗಾಗುತ್ತೆ, ಬೆವರೋಕೆ ನೀರು ಬೇಕು. ಇಂಜಿನಿಯರಿಂಗ್ ಓದಿದವನಿಗೆ ಇಷ್ಟು ಹೊಳೀಬಾರದಾ? "ಮನಸ್ಸು ಗಟ್ಟಿ ಮಾಡ್ಕೋ" ಅಂದ್ರೆ ಮೈಯಲ್ಲಿ ನೀರು ಹುಟ್ಟಲ್ಲ.

"ಹಾಗೆ ಹೇಳದಿದ್ರೆ ಅರ್ಧ ಜನ ತುದಿ ಮುಟ್ಟೋದೇ ಇಲ್ಲ" ಅಂತೀರಾ? ಮುಟ್ಟದಿದ್ರೆ ಏನೀಗ? ತುದಿ ಅಂದ್ರೆ ಅರ್ಧ ದಾರಿ ಅಷ್ಟೇ, ಇಳಿಯೋದು ಪೂರ್ತಿ ಬಾಕಿ. ಎಷ್ಟು ನೀರು ಉಳಿಸ್ಬೇಕು, ವಾಪಸ್ ಹೋಗ್ಬೇಕಾ ಅಂತ ಸುಸ್ತಾದವನು ಲೆಕ್ಕ ಹಾಕೋದು ನಮ್ಮ ಮಾತು ನಂಬಿ. ಆಫೀಸಲ್ಲಿ "ನಾಳೆ ಮುಗಿಯುತ್ತೆ ಸಾರ್" ಅಂತ ಬುರುಡೆ ಬಿಟ್ರೆ ರಿಲೀಸ್ ಕೆಡುತ್ತೆ. ಬೆಟ್ಟದಲ್ಲಿ ಜೀವಕ್ಕೇ ಕುತ್ತು.

ಎರಡು ಗಂಟೆ ದಾರಿ ಇದ್ರೆ ಎರಡು ಗಂಟೆ ಅಂತಲೇ ಹೇಳಿ. "ಆಗಲ್ಲ" ಅಂದವನನ್ನ ಗೇಲಿ ಮಾಡ್ಬೇಡಿ, ಅವನ ಜೊತೆ ಇಳೀರಿ. ನಾವು ಶೇಷ ಪರ್ವತದಿಂದಲೇ ವಾಪಸ್ ಬಂದ್ವಿ. ಕುಮಾರ ಪರ್ವತ ಅಲ್ಲೇ ಇದೆ, ಎಲ್ಲೂ ಓಡಿಹೋಗಲ್ಲ.

ನೀವೇನಂತೀರಿ?