26 ಕಿಲೋ ಮೂಟೆಯ ಲೆಕ್ಕ

ಹೋದ ವರ್ಷ ಮಳೆಗಾಲದ ಒಂದು ಭಾನುವಾರ. ನಾನೂ ನನ್ನ ಹೆಂಡತಿಯೂ ಟೆರೇಸಿನ ಮೇಲೆ ಹಳೇ ಪಂಚೆ ಹಾಸಿ, ಹತ್ತು ಕಿಲೋ ತೊಗರಿಬೇಳೆ ಹರವಿಕೊಂಡು ಕೂತಿದ್ವಿ. ಬೇಳೆ ತುಂಬಾ ಹುಳ. ಬಿಸಿಲು ಬರೋ ಲಕ್ಷಣವೇ ಇಲ್ಲ. "ಇದೇನಾ ನಿನ್ನ ಉಳಿತಾಯ?" ಅಂತ ಅವಳು ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ. ಈಗ ಸ್ವಲ್ಪ ಇದೆ, ಅದಕ್ಕೇ ಈ ಬರಹ :-)

ಇದೆಲ್ಲಾ ಶುರುವಾಗಿದ್ದು ಎಕ್ಸೆಲ್ ಶೀಟಿನಿಂದ. (ನಮ್ಮಂಥ ಸಾಫ್ಟ್‌ವೇರ್ ಜನರ ಅನಾಹುತಗಳೆಲ್ಲ ಅಲ್ಲಿಂದಲೇ ತಾನೆ ಶುರುವಾಗೋದು?) ಮೂರು ತಿಂಗಳ ದಿನಸಿ ಬಿಲ್ಲು ಕೂಡಿಸಿ ನೋಡಿ ಗಾಬರಿಯಾಯ್ತು. ಹತ್ತು ನಿಮಿಷದಲ್ಲಿ ಬಾಗಿಲಿಗೇ ಬರುತ್ತಲ್ಲ ಅಂತ ಅರ್ಧರ್ಧ ಕಿಲೋ ಬೇಳೆ, ಕಾಲು ಕಿಲೋ ಉದ್ದು ತರಿಸ್ತಾ ಇದ್ವಿ. ಪ್ಯಾಕೆಟ್ಟಿನ ಮೇಲೆ ಈಗ ಕಿಲೋಗೆ ಅಥವಾ ಗ್ರಾಮಿಗೆ ಎಷ್ಟು ಬೀಳುತ್ತೆ ಅಂತಲೂ ಮುದ್ರಿಸಿರಬೇಕು. ಯಾರು ಓದ್ತಾರೆ? ನಾನಂತೂ ಓದಿರಲಿಲ್ಲ.

ಸರಿ, ಬೈಕ್ ಹತ್ತಿ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋದೆ. ಸಾಲುಗಟ್ಟಿ ನಿಂತ ಲಾರಿಗಳು, ಮೂಟೆ ಹೊತ್ತ ಹಮಾಲರು, ಒಣಮೆಣಸಿನಕಾಯಿ ಘಾಟಿಗೆ ಒಂದೇ ಸಮ ಸೀನು. ಮೊದಲು ಕಂಡ ಮಂಡಿಯಲ್ಲಿ "ತೊಗರಿಬೇಳೆ ಹತ್ತು ಕೊಡಿ" ಅಂದೆ. ಗಲ್ಲಾದ ಮುಂದೆ ಕೂತಿದ್ದ ಯಜಮಾನರು "ಹತ್ತು ಮೂಟೆನಾ ಸಾರ್?" ಅಂದ್ರು. ಹತ್ತು ಕಿಲೋ ಅಂದಾಗ ನಗಲಿಲ್ಲ, ಪಾಪ. "ಈ ಸಾಲಿನ ಕೊನೇಲಿ ಚಿಲ್ಲರೆ ಕೊಡೋರಿದ್ದಾರೆ, ಅಲ್ಲಿ ಹೋಗಿ" ಅಂತ ಕೈ ತೋರಿಸಿದ್ರು. ಐದು, ಹತ್ತು ಕಿಲೋ ಕಣ್ಣೆದುರೇ ತೂಗಿ ಕೊಡೋ ಅಂಗಡಿಗಳು ಅಲ್ಲೂ ಇವೆ, ಕೆ.ಆರ್. ಮಾರ್ಕೆಟ್ ಹತ್ರದ ಹೊಸ ತರಗುಪೇಟೆಯಲ್ಲೂ ಇವೆ. ನಾನು ಕಿಲೋಗೆ 120ರಂತೆ ತಂದೆ. ಜೊತೆಗೆ ಒಂದು ಮೂಟೆ ಸೋನಾ ಮಸೂರಿ. 26 ಕಿಲೋ.

ಅದೇನು 26? 25 ಯಾಕಲ್ಲ? ನನಗೂ ಗೊತ್ತಿರಲಿಲ್ಲ. 2022ರ ಜುಲೈ 18ರಿಂದ, 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಂತು. ಮೂಟೆ 25 ಕಿಲೋ ದಾಟಿದರೆ ಈ ತೆರಿಗೆ ಇಲ್ಲ. ಮಿಲ್ಲಿನವರು ಒಂದು ಕಿಲೋ ಸೇರಿಸಿ ಹೊಲಿದುಬಿಟ್ರು! ಅಂಗಡೀಲಿ ಬಿಡಿಯಾಗಿ ತೂಗಿಸಿಕೊಂಡರೂ ತೆರಿಗೆ ಇಲ್ಲ, ಅದು ಬೇರೆ ಮಾತು. ಆದರೆ ಒಂದು ಕಿಲೋ ಪ್ಯಾಕೆಟ್ ಕೊಳ್ಳೋನಿಗೆ ತೆರಿಗೆ, 26 ಕಿಲೋ ಮೂಟೆ ಕೊಳ್ಳೋನಿಗೆ ಇಲ್ಲ. ಆಗ ಇದು ನನಗೆ ತಮಾಷೆಯಾಗಿ ಕಂಡಿತ್ತು.

ಹುಳದ ಕತೆ ಹೇಳೋಕೆ ಊರಿಗೆ ಫೋನ್ ಮಾಡಿದೆ. ಅಮ್ಮ ಅಂದ್ರು, "ಎಲ್ಲಿ ತಗೊಂಡೆ ಅಂತ ಕೇಳ್ತಿಲ್ಲ ಕಣೋ, ಯಾವಾಗ ತಗೊಂಡೆ ಹೇಳು." ಜೂನ್‌ನಲ್ಲಿ ಅಂದೆ. ಬೈಸಿಕೊಂಡೆ.

ಕಲಬುರಗಿ ಕಡೆ ತೊಗರಿ ಕೊಯ್ಲು ಆಗೋದು ಡಿಸೆಂಬರ್, ಜನವರಿಯಲ್ಲಿ. ಹೊಸ ಬೇಳೆ ಬಂದ ಮೇಲೆ, ಬಿಸಿಲಿರುವಾಗಲೇ ತಗೊಂಡು, ಒಣಗಿಸಿ, ಆರಿಸಿ, ಡಬ್ಬಕ್ಕೆ ಹಾಕಬೇಕು. ಬಿಸಿ ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರುತ್ತೆ. ಅಂಗೈಗೆ ಒಂದು ತೊಟ್ಟು ಹರಳೆಣ್ಣೆ ಹಚ್ಚಿಕೊಂಡು ಬೇಳೆ ಉಜ್ಜಬೇಕು, ನಾಲ್ಕು ಒಣಮೆಣಸಿನಕಾಯಿ ಹಾಕಬೇಕು. ಹುಣಸೆಹಣ್ಣು ಶಿವರಾತ್ರಿ ಆಸುಪಾಸು, ರಾಗಿ ಸುಗ್ಗಿ ಮುಗಿದ ಮೇಲೆ. ನಮ್ಮ ತುಮಕೂರು ಕಡೆ ವಾಡೆಯಲ್ಲಿ ವರ್ಷಗಟ್ಟಲೆ ರಾಗಿ ಇಟ್ಟವರು ನಮ್ಮಜ್ಜಿ. ರವೆ, ಹಿಟ್ಟು, ಕಡಲೆಕಾಯಿ ಬೀಜ ಮಾತ್ರ ತಿಂಗಳಿಗಾಗುವಷ್ಟೇ ಸಾಕು. ಕಡಲೆಬೀಜ ಬೇಗ ಕಮಟುತ್ತೆ.

ಇಷ್ಟೆಲ್ಲಾ ಜ್ಞಾನ ಬಂದ ಮೇಲೆ ಸುಮ್ಮನಿರೋಕಾಗುತ್ತಾ? ನಮ್ಮ ಮನೆಗೆ ಕೆಲಸಕ್ಕೆ ಬರೋ ಅಮ್ಮನಿಗೂ ಪಾಠ ಶುರು ಮಾಡಿದೆ. "ಮಂಡೀಲಿ ತಗೊಳ್ಳಿ, ಎಷ್ಟೊಂದು ಉಳಿಯುತ್ತೆ!" ಅವರು ನೆಲ ಒರೆಸ್ತಾನೇ, "ಅಕ್ಕಿ ರೇಷನ್ನಲ್ಲಿ ಬರುತ್ತೆ ಸಾರ್. ಬೇಳೆ ದಿನಾ ಹತ್ತು ರೂಪಾಯಿದು ತರ್ತೀನಿ" ಅಂದ್ರು.

ಒಂದಿನ ಅವರು ಬರುವ ದಾರೀಲಿ ತಂದಿದ್ದ ಆ ಪೊಟ್ಟಣವನ್ನ ಕೇಳಿ ಅಡುಗೆಮನೆ ತಕ್ಕಡೀಲಿ ಇಟ್ಟು ನೋಡಿದೆ. 54 ಗ್ರಾಂ. ಅಂದ್ರೆ ಕಿಲೋಗೆ ಹತ್ತಿರ ಹತ್ತಿರ 185 ರೂಪಾಯಿ. ನಾನು ಕೊಟ್ಟಿದ್ದು 120. ನಮ್ಮ ಮನೆ ಪಾತ್ರೆ ತೊಳೆಯೋರು ಬೇಳೆಗೆ ನನಗಿಂತ ಕಿಲೋಗೆ 65 ರೂಪಾಯಿ ಹೆಚ್ಚು ಕೊಡ್ತಿದ್ದಾರೆ. ಅವರಿಗೆ ಲೆಕ್ಕ ಬರಲ್ಲ ಅಂತಲ್ಲ. ಒಟ್ಟಿಗೆ 600 ರೂಪಾಯಿ ಕೈಯಲ್ಲಿರಲ್ಲ, ಇದ್ದರೂ ಆ ಒಂದೇ ಕೋಣೆಯಲ್ಲಿ ಡಬ್ಬ ಇಡೋಕೆ ಜಾಗ ಇಲ್ಲ, ಇಲಿ ಬೇರೆ. ಆ ಚಿಲ್ಲರೆ ಅಂಗಡಿಯವರನ್ನೂ ಬೈಯೋ ಹಾಗಿಲ್ಲ. ದುಡ್ಡಿಲ್ಲದ ದಿನ ಸಾಲ ಬರೆದುಕೊಂಡು ಬೇಳೆ ಕೊಡ್ತಾರೆ. ಯಾರ್ಡಿನ ಅಂಗಡಿಯವರು ನನಗೆ ಬರೆದುಕೊಳ್ತಾರಾ?

ಅವತ್ತಿನಿಂದ "ಹೋಲ್‌ಸೇಲ್‌ನಲ್ಲಿ ಕೊಳ್ಳಿ, ಹಣ ಉಳಿಸಿ" ಅನ್ನೋ ಉಪದೇಶ ಕೇಳಿದ್ರೆ ಕಸಿವಿಸಿ ಆಗುತ್ತೆ. ಸಗಟು ದರ ಅನ್ನೋದು ಮುಂಗಡ ದುಡ್ಡು, ವಾಹನ, ಖಾಲಿ ಡಬ್ಬ ಇರೋರಿಗೆ ಸಿಗೋ ರಿಯಾಯಿತಿ. ಉಳಿತಾಯ ಅತಿ ಹೆಚ್ಚು ಬೇಕಾದವರಿಗೇ ಅದು ಸಿಗಲ್ಲ. ಅಗ್ಗದ ಅಂಗಡಿ ಹುಡುಕೋದು ಕಷ್ಟವಲ್ಲ, ಮೂಟೆ ಒಡೆದು ಹಂಚೋಕೆ ಜನ ಹುಡುಕಬೇಕು.

ಈ ಫೆಬ್ರವರಿಯಲ್ಲಿ ಹಾಗೇ ಮಾಡಿದ್ವಿ. ನಮ್ಮ ಬಿಲ್ಡಿಂಗಿನ ನಾಲ್ಕು ಮನೆ, ಜೊತೆಗೆ ಆ ಅಮ್ಮ. 50 ಕಿಲೋದ ಒಂದು ಮೂಟೆ ತೊಗರಿಬೇಳೆ, ಆಟೋ ಬಾಡಿಗೆ ಎಲ್ಲರಿಗೂ ಪಾಲು. ಅವರು ಐದು ಕಿಲೋ ಸಾಕು ಅಂದ್ರು, ವಾರಕ್ಕೆ ನೂರರಂತೆ ಕೊಟ್ಟು ತೀರಿಸಿದ್ರು. ಬಿಟ್ಟುಬಿಡಿ ಅಂದಿದ್ದಕ್ಕೆ, "ಹಂಗಾದ್ರೆ ಮುಂದಿನ ಸಲ ನಂಗೆ ಬ್ಯಾಡ" ಅಂದ್ರು. ಬೇಳೆ ಅವರದ್ದೇ, ನಮ್ಮ ಸ್ಟೋರ್ ರೂಮಿನ ಡಬ್ಬದಲ್ಲಿ ಇಟ್ಟಿದ್ದಾರೆ, ಬೇಕಾದಾಗ ಒಯ್ತಾರೆ. ಎರಡನೇ ಮೂಟೆಗೆ ಅವರ ವಠಾರದ ಇನ್ನಿಬ್ಬರು ಸೇರಿದ್ರು.

ಎಲ್ಲ ಸಲೀಸಾಗಿದೆ ಅಂತೇನಲ್ಲ. 200 ಗ್ರಾಂ ಕಡಿಮೆ ಬಂತು ಅಂತ ಒಂದು ಮನೆಯವರು ಮುನಿಸಿಕೊಂಡು ಬಿಟ್ಟುಹೋದ್ರು. ಮೊದಲು ದುಡ್ಡು ಹಾಕೋನು ಪ್ರತಿಸಲ ನಾನೇ. ಐದು ಕಿಲೋಗೋಸ್ಕರ ಒಬ್ಬನೇ ಯಾರ್ಡಿಗೆ ಹೋದ್ರೆ ಉಳಿದಿದ್ದೆಲ್ಲ ಪೆಟ್ರೋಲಿಗೇ. ಇರ್ಲಿ. ಆ 65 ರೂಪಾಯಿ ಲೆಕ್ಕ ಒಮ್ಮೆ ತಲೆಗೆ ಹೊಕ್ಕ ಮೇಲೆ ಸುಮ್ಮನಿರೋದು ಕಷ್ಟ.

ನಿಮ್ಮ ಕಡೆ ಹೇಗೆ? ಹೀಗೆ ನಾಲ್ಕು ಮನೆ ಸೇರಿ ಕೊಳ್ಳೋ ಪದ್ಧತಿ ಇದ್ರೆ, ತೂಕದ ಜಗಳ ಹೇಗೆ ತೀರಿಸ್ತೀರಿ ಅನ್ನೋದನ್ನಾದ್ರೂ ಹೇಳಿ, ಪುಣ್ಯ ಕಟ್ಕೊಳ್ಳಿ :-)